ಓದುಗರ ಪ್ರಶ್ನೆ, ವೈದ್ಯರ ಉತ್ತರ: ನನ್ನ ತೂಕ ಸರಿಯಾಗಿದೆಯೇ?

ತೂಕ ಮತ್ತು ಮೈಕಟ್ಟಿನ ಬಗ್ಗೆ ಪ್ರಶ್ನೆ ಕಳುಹಿಸುವಂತೆ ಕೇಳಿದ್ದಕ್ಕೆ ಬಂದ ಪತ್ರಗಳಲ್ಲಿ ಬಹುಪಾಲು ಒಂದೇ ಮಾತನ್ನು ಕೇಳುತ್ತವೆ: ನನ್ನ ಎತ್ತರಕ್ಕೆ ಎಷ್ಟು ಕಿಲೋ ಇರಬೇಕು? ಒಂದು ಸಂಖ್ಯೆ ಹೇಳಿ ಮುಗಿಸಿದರೆ ಓದುಗರಿಗೂ ಸಮಾಧಾನ, ನನಗೂ ಕೆಲಸ ಹಗುರ. ಆದರೆ ಅದೇ 65 ಕಿಲೋ ಒಬ್ಬರಿಗೆ ಕ್ಷೇಮವಾಗಿರುತ್ತದೆ, ಇನ್ನೊಬ್ಬರಿಗೆ ಹೆಚ್ಚಾಗಿರುತ್ತದೆ, ಮತ್ತೊಬ್ಬರಲ್ಲಿ ಕಾಯಿಲೆಯ ಮೊದಲ ಸುಳಿವಾಗಿರುತ್ತದೆ. ಆ ತೂಕ ದೇಹದ ಯಾವ ಭಾಗದಲ್ಲಿ ಸೇರಿಕೊಂಡಿದೆ, ಅದು ಯಾವ ವಯಸ್ಸಿನವರದು, ಕಳೆದ ಕೆಲವು ತಿಂಗಳಲ್ಲಿ ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದನ್ನು ತಿಳಿಯದೆ ಉತ್ತರ ಹೇಳುವುದು ಕಷ್ಟ. ಆದ್ದರಿಂದ ಪತ್ರದಲ್ಲಿ ಈ ವಿವರಗಳನ್ನೂ ಬರೆದವರಿಗೆ ಮೊದಲು ಉತ್ತರಿಸಿದ್ದೇನೆ. ಹೆಸರುಗಳನ್ನು ಬಿಟ್ಟಿದ್ದೇವೆ.

ನನಗೆ 44 ವರ್ಷ. ಎತ್ತರ 168 ಸೆಂಟಿಮೀಟರ್, ತೂಕ 66 ಕಿಲೋ. ಕಂಪನಿಯವರು ಮಾಡಿಸಿದ ತಪಾಸಣೆಯ ವರದಿಯಲ್ಲಿ ನನ್ನ ಬಿಎಂಐ 23.4, ‘ನಾರ್ಮಲ್’ ಎಂದಿದೆ. ಕೈಕಾಲು ಸಣ್ಣಗೇ ಇವೆ, ಹೊಟ್ಟೆ ಮಾತ್ರ ಸ್ವಲ್ಪ ಮುಂದೆ ಬಂದಿದೆ; ಅಳೆದರೆ 94 ಸೆಂಟಿಮೀಟರ್. ಖಾಲಿ ಹೊಟ್ಟೆಯ ಸಕ್ಕರೆ 112 ಬಂದಿದೆ. ನಮ್ಮ ಮನೆಯ ವೈದ್ಯರು ಹೊಟ್ಟೆ ಕರಗಿಸಲೇಬೇಕು ಎನ್ನುತ್ತಾರೆ. ವರದಿ ಸರಿಯೋ, ವೈದ್ಯರು ಸರಿಯೋ?
— ಓದುಗರು, ಹುಬ್ಬಳ್ಳಿ

ವೈದ್ಯರು ಸರಿ. ವರದಿಯಲ್ಲಿ ಲೆಕ್ಕ ತಪ್ಪಿಲ್ಲ, ಆದರೆ ಅಲ್ಲಿ ಬಳಸಿರುವ ಗೆರೆ ನಿಮಗೆ ಹೊಂದುವಂಥದ್ದಲ್ಲ.

ಕಿಲೋದಲ್ಲಿರುವ ತೂಕವನ್ನು ಮೀಟರಿನಲ್ಲಿರುವ ಎತ್ತರದಿಂದ ಎರಡು ಬಾರಿ ಭಾಗಿಸಿದರೆ ಬರುವುದೇ ಬಿಎಂಐ. ಇದಕ್ಕೆ ಮೂಲವಾದ ಲೆಕ್ಕವನ್ನು 1830ರ ದಶಕದಲ್ಲಿ ಕಂಡುಕೊಂಡವರು ಬೆಲ್ಜಿಯಂನ ಅಡಾಲ್ಫ್ ಕೆಟ್ಲೆ. ಅವರು ವೈದ್ಯರಲ್ಲ, ಖಗೋಳ ಮತ್ತು ಸಂಖ್ಯಾಶಾಸ್ತ್ರ ಬಲ್ಲವರು. ಜನಸಮುದಾಯದ ‘ಸರಾಸರಿ ಮನುಷ್ಯ’ ಹೇಗಿರುತ್ತಾನೆ ಎಂಬುದು ಅವರ ಕುತೂಹಲವಾಗಿತ್ತು. ಅಮೆರಿಕದ ಆನ್ಸೆಲ್ ಕೀಸ್ ಮತ್ತು ಸಂಗಡಿಗರು 1972ರಲ್ಲಿ ಅದಕ್ಕೆ ಇಂದಿನ ಹೆಸರು ಕೊಟ್ಟಾಗಲೂ ಅವರ ಮನಸ್ಸಿನಲ್ಲಿದ್ದುದು ದೊಡ್ಡ ಗುಂಪುಗಳ ಅಧ್ಯಯನವೇ ಹೊರತು ಒಬ್ಬ ರೋಗಿಯ ತಪಾಸಣೆಯಲ್ಲ. ಎತ್ತರ ಅಳೆಯುವ ಪಟ್ಟಿ ಮತ್ತು ತೂಕದ ಯಂತ್ರ ಇದ್ದರೆ ಸಾಕು, ಖರ್ಚಿಲ್ಲ ಎಂಬ ಕಾರಣಕ್ಕೆ ಅದು ಎಲ್ಲ ಆಸ್ಪತ್ರೆಗಳಿಗೂ ಬಂದು ಸೇರಿತು. ಅದು ಕೊಬ್ಬನ್ನೂ ಮಾಂಸಖಂಡವನ್ನೂ ಬೇರೆ ಮಾಡಿ ನೋಡುವುದಿಲ್ಲ, ಕೊಬ್ಬು ತೊಡೆಯಲ್ಲಿದೆಯೋ ಹೊಟ್ಟೆಯೊಳಗಿದೆಯೋ ಎಂಬುದನ್ನೂ ಹೇಳುವುದಿಲ್ಲ.

25ರ ಒಳಗೆ ಇದ್ದರೆ ಕ್ಷೇಮ ಎಂಬ ಗೆರೆ ಮುಖ್ಯವಾಗಿ ಯುರೋಪ್ ಮೂಲದ ಜನರ ಮಾಹಿತಿಯ ಮೇಲೆ ನಿಂತಿದೆ. ಭಾರತೀಯ ತಜ್ಞರು 2009ರಲ್ಲಿ ಒಮ್ಮತಕ್ಕೆ ಬಂದು, ನಮ್ಮವರಿಗೆ 23ರಿಂದಲೇ ಹೆಚ್ಚು ತೂಕ, 25ರಿಂದಲೇ ಬೊಜ್ಜು ಎಂದು ಪರಿಗಣಿಸಬೇಕೆಂದರು. ಆ ಗೆರೆಯ ಪ್ರಕಾರ ನೀವು ಆಗಲೇ ಸ್ವಲ್ಪ ಹೊರಗಿದ್ದೀರಿ. ನನಗೆ ನಿಮ್ಮ 23.4ಕ್ಕಿಂತ 94 ಎಂಬ ಅಳತೆಯೇ ಹೆಚ್ಚು ಮಾತಾಡುತ್ತದೆ. ಭಾರತೀಯ ಗಂಡಸರಿಗೆ ಸೊಂಟದ ಸುತ್ತಳತೆ 90 ಸೆಂಟಿಮೀಟರ್, ಹೆಂಗಸರಿಗೆ 80 ಸೆಂಟಿಮೀಟರ್ ದಾಟಬಾರದು. ಇನ್ನೂ ಸುಲಭವಾದ ಲೆಕ್ಕ ಬೇಕಿದ್ದರೆ, ಸೊಂಟ ನಿಮ್ಮ ಎತ್ತರದ ಅರ್ಧದೊಳಗೆ ಇರಬೇಕು. ನಿಮಗೆ ಅದು 84.

ಪುಣೆಯ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಜಾನ್ ಯಡ್‌ಕಿನ್ 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ತಮ್ಮಿಬ್ಬರ ಫೋಟೊವನ್ನೇ ಅಕ್ಕಪಕ್ಕ ಪ್ರಕಟಿಸಿದರು. ಇಬ್ಬರ ಬಿಎಂಐ ಕೂಡ 22.3. ಆದರೆ ಯಡ್‌ಕಿನ್ ಅವರ ದೇಹದಲ್ಲಿ ಕೊಬ್ಬು ಶೇ 9.1 ಇದ್ದರೆ ಯಾಜ್ಞಿಕ್ ಅವರಲ್ಲಿ ಶೇ 21.2 ಇತ್ತು. ನೋಡಲು ತೆಳ್ಳಗಿದ್ದೂ ಒಳಗೆ ಕೊಬ್ಬು ಹೊತ್ತಿರುವ ಈ ಮೈಕಟ್ಟು ನಮ್ಮಲ್ಲಿ ಹುಟ್ಟಿನಿಂದಲೇ ಇರುತ್ತದೆ ಎಂಬುದನ್ನು ಪುಣೆ ಸುತ್ತಲಿನ ಹಳ್ಳಿಗಳ ಶಿಶುಗಳಲ್ಲಿ ಅದೇ ತಂಡ ತೋರಿಸಿತು: ಬ್ರಿಟನ್ನಿನ ಶಿಶುಗಳಿಗಿಂತ ಅವು ಬಹಳ ಹಗುರವಾಗಿದ್ದರೂ ಕಡಿಮೆಯಾಗಿದ್ದುದು ಹೆಚ್ಚಾಗಿ ಮಾಂಸಖಂಡವೇ, ಚರ್ಮದಡಿಯ ಕೊಬ್ಬು ಅಷ್ಟಾಗಿ ಕಡಿಮೆ ಇರಲಿಲ್ಲ.

ನಮ್ಮ ಮೈಸೂರಿಗೂ ಈ ಕಥೆಯಲ್ಲಿ ಪಾಲಿದೆ. ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ಅಂದರೆ ಮೈಸೂರಿನವರು ಮಿಷನ್ ಆಸ್ಪತ್ರೆ ಎನ್ನುವಲ್ಲಿ, 1934ರಿಂದಲೂ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಬರೆದಿಡಲಾಗಿತ್ತು. ಹಾಗೆ ಹುಟ್ಟಿ, ಆ ಹೊತ್ತಿಗೆ ನಡುವಯಸ್ಸು ದಾಟಿದ್ದವರನ್ನು 1990ರ ದಶಕದಲ್ಲಿ ಸಂಶೋಧಕರು ಹುಡುಕಿ ಪರೀಕ್ಷಿಸಿದಾಗ, ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಹೃದಯದ ಕಾಯಿಲೆ ಹೆಚ್ಚಾಗಿ ಕಂಡಿತು. ಸಕ್ಕರೆ ಕಾಯಿಲೆಯಾದರೋ, ಹುಟ್ಟುವಾಗ ಉದ್ದಕ್ಕೆ ಹೋಲಿಸಿದರೆ ದುಂಡಗಿದ್ದವರಲ್ಲಿ ಹೆಚ್ಚಿತ್ತು. ನಡುವಯಸ್ಸಿನ ಕಾಯಿಲೆಯ ಬೇರು ಗರ್ಭದವರೆಗೂ ಹೋಗುತ್ತದೆ ಎಂಬ ವಾದಕ್ಕೆ ದಕ್ಷಿಣ ಭಾರತದಿಂದ ಸಿಕ್ಕ ಮುಖ್ಯ ಆಧಾರಗಳಲ್ಲಿ ಇದೂ ಒಂದು. ಆದ್ದರಿಂದ, ಅಷ್ಟೇನೂ ದಪ್ಪವಿಲ್ಲದಿದ್ದರೂ ಸಕ್ಕರೆ ಏಕೆ ಏರಿತು ಎಂದು ನೀವು ನಿಮ್ಮನ್ನೇ ದೂರಿಕೊಳ್ಳಬೇಕಾಗಿಲ್ಲ.

ಈಗ ಮಾಡಬೇಕಾದ್ದು. 112 ಎಂದರೆ ಸಕ್ಕರೆ ಕಾಯಿಲೆಯಲ್ಲ, ಅದರ ಹಿಂದಿನ ಹಂತ. ಎಚ್‌ಬಿಎ1ಸಿ (ಕಳೆದ ಎರಡು ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ರಕ್ತಪರೀಕ್ಷೆ), ಕೊಲೆಸ್ಟೆರಾಲ್, ಬಿಪಿ ನೋಡಿಸಿ. ಪಿತ್ತಜನಕಾಂಗದಲ್ಲಿ ಕೊಬ್ಬು ಸೇರಿದೆಯೇ ಎಂಬುದನ್ನೂ ವೈದ್ಯರನ್ನು ಕೇಳಿ. ಮೂರು ನಾಲ್ಕು ಕಿಲೋ ಇಳಿದರೂ ಒಳಗಿನ ಕೊಬ್ಬು ಗಣನೀಯವಾಗಿ ಕರಗುತ್ತದೆ. ಸೊಂಟವನ್ನು ಅಳೆಯುವಾಗ ಪ್ಯಾಂಟಿನ ಸೈಜನ್ನು ನಂಬಬೇಡಿ. ಹೊಟ್ಟೆ ಬಂದವರು ಪ್ಯಾಂಟನ್ನು ಹೊಟ್ಟೆಯ ಕೆಳಗೆ ಇಳಿಸಿ ಕಟ್ಟಿ, ಇಪ್ಪತ್ತು ವರ್ಷದಿಂದಲೂ ಅದೇ 34 ಎನ್ನುತ್ತಿರುತ್ತಾರೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಕಾಲು ಸ್ವಲ್ಪ ಅಗಲಿಸಿ ನಿಂತು, ಕೊನೆಯ ಪಕ್ಕೆಲುಬಿನ ಕೆಳ ಅಂಚಿಗೂ ಸೊಂಟದ ಮೂಳೆಯ ಮೇಲಂಚಿಗೂ ಸರಿಯಾಗಿ ನಡುವೆ, ಉಸಿರನ್ನು ಸಹಜವಾಗಿ ಹೊರಬಿಟ್ಟ ಕ್ಷಣದಲ್ಲಿ, ಬಟ್ಟೆಯ ಮೇಲಲ್ಲದೆ ಮೈಮೇಲೆಯೇ ಟೇಪು ಸುತ್ತಿ ನೋಡಬೇಕು. ಟೇಪು ಹಿಂದೆ ಜಾರಿ ಓರೆಯಾಗದಂತೆ ಮನೆಯವರು ಯಾರಾದರೂ ನೋಡಿಕೊಳ್ಳಲಿ.

ನಾನು ಕೆಲಸದ ಮೇಲೆ ಬ್ರಿಟನ್ನಿಗೆ ಬಂದು ಎಂಟು ವರ್ಷವಾಯಿತು. ಇಲ್ಲಿಯ ನನ್ನ ವೈದ್ಯರು, ನನ್ನ ಇಂಗ್ಲಿಷ್ ಸಹೋದ್ಯೋಗಿಗೆ ಸರಿ ಎಂದ ಬಿಎಂಐ 24 ಅನ್ನೇ ನನಗೆ ಹೆಚ್ಚು ಎಂದರು. ಮನುಷ್ಯರ ದೇಹವೆಲ್ಲ ಒಂದೇ ಅಲ್ಲವೇ? ಮೂಲದೇಶ ನೋಡಿ ಅಳತೆ ಬದಲಿಸುವುದು ವೈಜ್ಞಾನಿಕವೇ?
— ಕನ್ನಡಿಗರೊಬ್ಬರು, ಬ್ರಿಟನ್

ನಿಮ್ಮ ಅನುಮಾನದಲ್ಲಿ ಅರ್ಧ ನ್ಯಾಯವಿದೆ. ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿಗಳನ್ನು ರೂಪಿಸುವ ನೈಸ್ ಸಂಸ್ಥೆಯು ದಕ್ಷಿಣ ಏಷ್ಯಾ ಮೂಲದವರಿಗೆ ಮಾತ್ರವಲ್ಲದೆ ಚೀನಾ, ಅರಬ್ ಪ್ರದೇಶ, ಆಫ್ರಿಕಾ ಮೂಲದ ಕುಟುಂಬಗಳವರಿಗೂ ಹೆಚ್ಚು ತೂಕಕ್ಕೆ 23, ಬೊಜ್ಜಿಗೆ 27.5ರ ಗೆರೆಗಳನ್ನು ಬಳಸಲು ಹೇಳುತ್ತದೆ. ಅಮೆರಿಕದಲ್ಲೂ ಏಷ್ಯಾ ಮೂಲದವರಿಗೆ 23ರಿಂದಲೇ ಸಕ್ಕರೆ ಕಾಯಿಲೆಯ ತಪಾಸಣೆ ಮಾಡಬೇಕೆಂದು ಅಲ್ಲಿನ ಮಧುಮೇಹ ಸಂಘ ಸಲಹೆ ಕೊಡುತ್ತದೆ. ಅದೇ ಬಿಎಂಐನಲ್ಲಿ ನಮ್ಮವರಿಗೆ ಸಕ್ಕರೆ ಕಾಯಿಲೆ ಬೇಗ ಬರುತ್ತದೆ ಎಂಬುದು ಮತ್ತೆ ಮತ್ತೆ ಕಂಡುಬಂದಿರುವ ಸಂಗತಿ. ನಿಮ್ಮ ವೈದ್ಯರು ಅದನ್ನು ಮರೆತಿದ್ದರೆ ಆಗ ದೂರಬೇಕಾಗಿತ್ತು.

ಇನ್ನರ್ಧ ನ್ಯಾಯ ಇಲ್ಲಿದೆ: ಏಷ್ಯಾದವರೆಲ್ಲ ಒಂದೇ ಗುಂಪಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರ ಸಮಿತಿ ಇದನ್ನು ಪರಿಶೀಲಿಸಿ 2004ರಲ್ಲಿ ವರದಿ ಕೊಟ್ಟಾಗ, ಅಪಾಯ ಶುರುವಾಗುವ ಮಟ್ಟ ಏಷ್ಯಾದ ಬೇರೆ ಬೇರೆ ಜನರಲ್ಲಿ 22ರಿಂದ 25ರವರೆಗೂ ಹರಡಿರುವುದನ್ನು ಕಂಡು, ಇಡೀ ಖಂಡಕ್ಕೆ ಒಂದೇ ಹೊಸ ಗೆರೆ ಎಳೆಯಲು ಒಪ್ಪಲಿಲ್ಲ. ಹಳೆಯ ಗೆರೆಗಳನ್ನು ಹಾಗೆಯೇ ಉಳಿಸಿ, 23 ಮತ್ತು 27.5ನ್ನು ಎಚ್ಚರಿಕೆಯ ಮೆಟ್ಟಿಲುಗಳಾಗಿ ಸೇರಿಸಿತು. ಪೆಸಿಫಿಕ್ ದ್ವೀಪಗಳ ಪಾಲಿನೇಷಿಯನ್ ಜನರಲ್ಲಿ ಲೆಕ್ಕ ತಿರುವುಮುರುವು: ಅದೇ ಬಿಎಂಐನಲ್ಲಿ ಅವರ ದೇಹದಲ್ಲಿ ಯುರೋಪಿನವರಿಗಿಂತ ಕೊಬ್ಬು ಕಡಿಮೆ, ಮಾಂಸಖಂಡ ಹೆಚ್ಚು. ಆಸ್ಟ್ರೇಲಿಯಾದ ಮೂಲನಿವಾಸಿಗಳಲ್ಲಿ ಎತ್ತರಕ್ಕೆ ಹೋಲಿಸಿದರೆ ಕಾಲು ಉದ್ದ, ಮುಂಡ ಚಿಕ್ಕದು. ಕಾಲಿಗಿಂತ ಮುಂಡವೇ ಭಾರವಾದ ಭಾಗವಾದ್ದರಿಂದ ಅವರ ಬಿಎಂಐ ಕಡಿಮೆ ಬರುತ್ತದೆ, ಆ ಕಡಿಮೆ ಸಂಖ್ಯೆಯನ್ನು ಕಂಡು ಅಪಾಯವಿಲ್ಲ ಎಂದುಕೊಂಡರೆ ಮೋಸ ಹೋಗುತ್ತೇವೆ.

ಹಾಗಾಗಿ ಮೂಲದೇಶ ಎನ್ನುವುದು ಒಂದು ಅಂದಾಜು ಮಾತ್ರ. ನಿಮ್ಮ ತಂದೆತಾಯಿಗೆ ಸಕ್ಕರೆ ಕಾಯಿಲೆ ಇತ್ತೇ, ನಿಮ್ಮ ಸೊಂಟ ಎಷ್ಟು, ರಕ್ತಪರೀಕ್ಷೆ ಏನು ಹೇಳುತ್ತದೆ ಎಂಬುದು ತಿಳಿದ ಮೇಲೆ ಆ ಅಂದಾಜಿನ ಅಗತ್ಯ ಬಹಳ ಕಡಿಮೆಯಾಗುತ್ತದೆ. ಬೊಜ್ಜನ್ನು ಬಿಎಂಐ ಒಂದರಿಂದಲೇ ತೀರ್ಮಾನಿಸಬಾರದು, ಅದು ಅಂಗಾಂಗಗಳಿಗೆ ತೊಂದರೆ ಕೊಟ್ಟಿದೆಯೇ ಎಂಬುದನ್ನೂ ನೋಡಬೇಕು ಎಂದು 2025ರ ಜನವರಿಯಲ್ಲಿ ಅಂತರರಾಷ್ಟ್ರೀಯ ತಜ್ಞರ ಆಯೋಗವೊಂದು ಹೇಳಿರುವುದೂ ಇದೇ ದಿಕ್ಕಿನಲ್ಲಿ.

ನನಗೆ 23 ವರ್ಷ, ಎತ್ತರ 157 ಸೆಂಟಿಮೀಟರ್, ತೂಕ 44 ಕಿಲೋ. ಹೈಸ್ಕೂಲಿನಿಂದಲೂ ಹೀಗೇ ಇದ್ದೇನೆ. ಅಮ್ಮ, ದೊಡ್ಡಮ್ಮ ಎಲ್ಲರೂ ಸಣ್ಣ ಮೈಕಟ್ಟಿನವರು. ಆದರೂ ಹುಡುಗನ ಕಡೆಯವರು ನೋಡಲು ಬಂದಾಗಲೆಲ್ಲ ‘ಹುಡುಗಿ ಸ್ವಲ್ಪ ಮೈ ತುಂಬಿಕೊಳ್ಳಬೇಕು’ ಎನ್ನುತ್ತಾರೆ. ತಿಂಗಳಲ್ಲಿ ಐದು ಕಿಲೋ ಹೆಚ್ಚಿಸುವ ಪುಡಿಯೊಂದನ್ನು ಅತ್ತೆಯವರು ತಂದಿದ್ದಾರೆ. ತೆಗೆದುಕೊಳ್ಳಲೇ?
— ಓದುಗರು, ಶಿರಸಿ

ಬೇಡ. ತಿಂಗಳಲ್ಲಿ ಐದು ಕಿಲೋ ಏರಿಸುತ್ತೇವೆ ಎಂದು ಮಾರುವ ಪುಡಿ, ಮಾತ್ರೆಗಳಲ್ಲಿ ಲೇಬಲ್ಲಿನ ಮೇಲೆ ಹೆಸರು ಹಾಕದೆ ಸ್ಟೀರಾಯ್ಡ್ ಬೆರೆಸಿರುವುದುಂಟು. ಮುಖ ಊದಿ ಕೆನ್ನೆ ತುಂಬಿಕೊಂಡಂತೆ ಕಾಣುವುದು ಅದರಿಂದಲೇ. ಹಿಂದೆಯೇ ಬಿಪಿ, ಸಕ್ಕರೆ ಏರುತ್ತವೆ, ಮೂಳೆ ಟೊಳ್ಳಾಗುತ್ತದೆ. ಬಹಳ ದಿನ ತಿಂದು ಇದ್ದಕ್ಕಿದ್ದಂತೆ ನಿಲ್ಲಿಸಿದರೆ ಪ್ರಾಣಕ್ಕೇ ಕುತ್ತು ಬರಬಹುದು.

ನಿಮ್ಮ ಬಿಎಂಐ 17.9ರ ಹತ್ತಿರ ಬರುತ್ತದೆ, 18.5ರ ಗೆರೆಗಿಂತ ಸ್ವಲ್ಪ ಕೆಳಗೆ. ವರ್ಷಗಳಿಂದ ತೂಕ ಒಂದೇ ಕಡೆ ನಿಂತಿರುವುದು, ಮನೆತನದವರ ಮೈಕಟ್ಟೇ ಸಣ್ಣದಾಗಿರುವುದು ನಿಮ್ಮ ಪರವಾಗಿರುವ ಸಂಗತಿಗಳು. ಮುಟ್ಟು ತಿಂಗಳು ತಿಂಗಳು ಸರಿಯಾಗಿ ಆಗುತ್ತಿದೆಯೇ, ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆಯೇ, ಕೂದಲು ಉದುರುತ್ತಿದೆಯೇ, ಎರಡು ವಾರ ಮೀರಿದ ಕೆಮ್ಮು ಇದೆಯೇ ಎಂಬುದನ್ನು ಮಾತ್ರ ನೀವು ಬರೆದಿಲ್ಲ. ಒಮ್ಮೆ ಹಿಮೋಗ್ಲೋಬಿನ್, ಥೈರಾಯ್ಡ್, ಸಕ್ಕರೆ ಪರೀಕ್ಷೆ ಮಾಡಿಸಿ. ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. ನಮ್ಮ ದೇಶದ ಅರ್ಧಕ್ಕಿಂತ ಹೆಚ್ಚು ಹೆಂಗಸರಲ್ಲಿ ಇರುವ ಆ ತೊಂದರೆ ತೂಕಕ್ಕಿಂತ ಮುಂಚೆ ಸರಿಹೋಗಬೇಕು.

ಎಲ್ಲವೂ ಸರಿಯಿದ್ದರೆ, ಎರಡು ಮೂರು ಕಿಲೋ ಹೆಚ್ಚಾದರೆ ನಿಮಗೇ ಒಳ್ಳೆಯದು, ಮುಂದೆ ಗರ್ಭಿಣಿಯಾದಾಗ ಮಗುವಿಗೂ ಒಳ್ಳೆಯದು. ಊಟದ ಪ್ರಮಾಣ ಹೆಚ್ಚಿಸಲು ಆಗದಿದ್ದರೆ ಹೊತ್ತನ್ನು ಹೆಚ್ಚಿಸಿ: ಹನ್ನೊಂದು ಗಂಟೆಗೆ ಒಂದು ಹಿಡಿ ಹುರಿದ ಶೇಂಗಾ ಮತ್ತು ಬಾಳೆಹಣ್ಣು, ಸಂಜೆ ಕಾಳಿನ ಉಸಲಿ ಅಥವಾ ಮೊಟ್ಟೆ, ರಾತ್ರಿ ಒಂದು ಲೋಟ ಹಾಲು. ಜೊತೆಗೆ ಮೈಗೆ ಸ್ವಲ್ಪ ಭಾರದ ಕೆಲಸವಿರಲಿ. ಇಲ್ಲದಿದ್ದರೆ ಸೇರುವುದು ಕೊಬ್ಬು ಮಾತ್ರ. ಹುಡುಗನ ಕಡೆಯವರ ಕಣ್ಣಳತೆಗೆ ವೈದ್ಯಶಾಸ್ತ್ರದಲ್ಲಿ ಯಾವ ಬೆಲೆಯೂ ಇಲ್ಲ.

ಹತ್ತು ವರ್ಷದಿಂದ ಗರಡಿಮನೆಯಲ್ಲಿ ಸಾಮು ಮಾಡುತ್ತಿದ್ದೇನೆ. ವಯಸ್ಸು 26, ಎತ್ತರ 172 ಸೆಂಟಿಮೀಟರ್, ತೂಕ 84 ಕಿಲೋ, ಸೊಂಟ 84 ಸೆಂಟಿಮೀಟರ್. ಮೊಬೈಲ್ ಆ್ಯಪ್ ನನ್ನನ್ನು ‘ಬೊಜ್ಜು’ ಎನ್ನುತ್ತಿದೆ.
— ಓದುಗರು, ದಾವಣಗೆರೆ

ಆ್ಯಪ್‌ಗೆ ನಿಮ್ಮ ತೋಳು, ತೊಡೆ ಕಾಣುವುದಿಲ್ಲ. ಬಿಎಂಐ 28.4 ಇದ್ದರೂ ಸೊಂಟ ಎತ್ತರದ ಅರ್ಧದೊಳಗೆ ಇರುವುದರಿಂದ ನಿಮ್ಮ ತೂಕದ ಬಹುಪಾಲು ಮಾಂಸಖಂಡವೇ ಎಂದು ಹೇಳಬಹುದು. ಬಿಪಿಯನ್ನು ಮಾತ್ರ ವರ್ಷಕ್ಕೊಮ್ಮೆ ನೋಡಿಸಿ. ಪೈಲ್ವಾನರಿಗೆ ಬಿಪಿ ಬರುವುದಿಲ್ಲ ಎಂಬ ನಂಬಿಕೆ ಸರಿಯಲ್ಲ. ನಿಮ್ಮ ಅಪಾಯದ ಕಾಲ ಈಗಿನದಲ್ಲ, ಕುಸ್ತಿ ಬಿಟ್ಟ ಮೇಲಿನದು. ದಂಡ, ಬೈಠಕ್ ನಿಂತರೂ ಹಾಲು, ತುಪ್ಪ, ಬಾದಾಮಿ, ಮಾಂಸದ ಅಭ್ಯಾಸ ನಿಲ್ಲದೆ, ತೂಕ ಅದೇ 84 ಇದ್ದುಕೊಂಡೇ ಮಾಂಸಖಂಡ ಕರಗಿ ಆ ಜಾಗಕ್ಕೆ ಕೊಬ್ಬು ಬಂದು ಸೇರುತ್ತದೆ. ಆಗ ತೂಕದ ಯಂತ್ರ ಸುಮ್ಮನಿರುತ್ತದೆ, ಲಂಗೋಟಿ ಬಿಗಿಯಾಗುತ್ತದೆ.

ನಮ್ಮ ಜಿಮ್ಮಿನಲ್ಲಿ ನಿಂತರೆ ಕೊಬ್ಬಿನ ಶೇಕಡಾವಾರು, ‘ದೇಹದ ವಯಸ್ಸು’ ಎಲ್ಲ ಹೇಳುವ ಯಂತ್ರವಿದೆ. ನಂಬಬಹುದೇ?
— ಓದುಗರು, ಬೆಂಗಳೂರು

ಪಾದದ ಮೂಲಕ ಅತಿ ಸಣ್ಣ ವಿದ್ಯುತ್ ಹರಿಸಿ, ಅದಕ್ಕೆ ಆಗುವ ತಡೆಯಿಂದ ಕೊಬ್ಬನ್ನು ಅಂದಾಜು ಮಾಡುವ ಯಂತ್ರ ಅದು. ನೀರು ಕುಡಿದರೆ, ಬೆವರಿದರೆ, ಊಟವಾಗಿದ್ದರೆ ಸಂಖ್ಯೆ ಬದಲಾಗುತ್ತದೆ. ಒಂದೇ ಯಂತ್ರದ ಮೇಲೆ, ಒಂದೇ ಹೊತ್ತಿನಲ್ಲಿ, ತಿಂಗಳಿಗೊಮ್ಮೆ ನೋಡಿ ಏರಿಳಿತ ತಿಳಿಯಲು ಬಳಸಿ. ‘ದೇಹದ ವಯಸ್ಸು’ ಎಂಬುದನ್ನು ಮನರಂಜನೆಯೆಂದು ತಿಳಿಯಿರಿ. ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರು ಅದರ ಮೇಲೆ ನಿಲ್ಲಬಾರದು.

ಎತ್ತರ 155 ಸೆಂಟಿಮೀಟರ್, ತೂಕ 72 ಕಿಲೋ, ವಯಸ್ಸು 38, ಎರಡು ಮಕ್ಕಳು. ಮದುವೆಯಾದಾಗ 49 ಕಿಲೋ ಇದ್ದೆ. ಥೈರಾಯ್ಡ್‌ಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ, ಈಗ ಟಿಎಸ್‌ಎಚ್ (ಥೈರಾಯ್ಡ್ ಮಟ್ಟ ತಿಳಿಸುವ ರಕ್ತಪರೀಕ್ಷೆ) ಸರಿಯಿದೆ. ಎಚ್‌ಬಿಎ1ಸಿ 5.9, ಮಂಡಿನೋವು ಇದೆ. ಬೆಳಿಗ್ಗೆ ತಿಂಡಿಯನ್ನೇ ಬಿಟ್ಟಿದ್ದೇನೆ, ರಾತ್ರಿ ಒಂದೇ ಚಪಾತಿ. ಆದರೂ ಇಳಿಯುತ್ತಿಲ್ಲ. ‘ಗಾಳಿ ಕುಡಿದರೂ ದಪ್ಪ ಆಗ್ತೀಯ’ ಎಂದು ಮನೆಯವರು ಹಾಸ್ಯ ಮಾಡುತ್ತಾರೆ. ಈಗ ಬಂದಿರುವ ಇಂಜೆಕ್ಷನ್ ತೆಗೆದುಕೊಳ್ಳಬಹುದೇ?
— ಓದುಗರು, ಬೆಂಗಳೂರು

ಮೊದಲು ಥೈರಾಯ್ಡಿನ ಮಾತು ಮುಗಿಸೋಣ. ಥೈರಾಯ್ಡ್ ಕಡಿಮೆಯಾದಾಗ ಸೇರುವ ತೂಕ ಸಾಮಾನ್ಯವಾಗಿ ಎರಡರಿಂದ ಐದು ಕಿಲೋ, ಅದರಲ್ಲೂ ಹೆಚ್ಚಿನದು ಉಪ್ಪು ಮತ್ತು ನೀರು. ಟಿಎಸ್‌ಎಚ್ ಸರಿಬಂದ ಮೇಲೆ ಉಳಿದ ತೂಕಕ್ಕೆ ಅದು ಕಾರಣವಲ್ಲ. ಬೇಗ ಇಳಿಯಲೆಂದು ಮಾತ್ರೆಯ ಪ್ರಮಾಣವನ್ನು ನೀವೇ ಹೆಚ್ಚಿಸಬೇಡಿ. ಹೃದಯದ ಬಡಿತ ಕೆಟ್ಟು, ಮೂಳೆ ಸವೆಯುತ್ತದೆ.

ನೀವು ಕಡಿಮೆ ತಿನ್ನುತ್ತಿದ್ದೇನೆ ಎಂದಾಗ ನಾನು ಅನುಮಾನಪಡುವುದಿಲ್ಲ. ಆದರೆ ಪತ್ರದ ಹಿಂಬದಿಯಲ್ಲಿ ನೀವೇ ಬರೆದಿರುವ ದಿನಚರಿಯಲ್ಲಿ ನಾಲ್ಕು ಲೋಟ ಕಾಫಿ ಇದೆ. ಒಂದೊಂದಕ್ಕೆ ಎರಡು ಚಮಚ ಎಂದರೆ ದಿನಕ್ಕೆ ಎಂಟು ಚಮಚ, ಸುಮಾರು 35ರಿಂದ 40 ಗ್ರಾಂ ಸಕ್ಕರೆ. ಅಷ್ಟರಲ್ಲಿ ಆ ಒಂದು ಚಪಾತಿಗಿಂತ ಹೆಚ್ಚು ಶಕ್ತಿಯಿದೆ. ಬೆಳಿಗ್ಗೆ ಬಿಟ್ಟ ತಿಂಡಿಯ ಹಸಿವು ಸಂಜೆ ಐದಕ್ಕೆ, ಮಕ್ಕಳು ಶಾಲೆಯಿಂದ ಬಂದಾಗ ತೆರೆಯುವ ಚೌಚೌ ಡಬ್ಬದ ಮುಂದೆ ತೀರುತ್ತಿದೆ. ಮಕ್ಕಳ ತಟ್ಟೆಯಲ್ಲಿ ಉಳಿದದ್ದನ್ನು ಚೆಲ್ಲಬಾರದೆಂದು ತಿನ್ನುವುದನ್ನು ಯಾವ ತಾಯಿಯೂ ಊಟದ ಲೆಕ್ಕಕ್ಕೆ ಸೇರಿಸುವುದಿಲ್ಲ. ತಿಂಡಿ ತಿನ್ನಿ: ಹೆಸರುಬೇಳೆ ದೋಸೆ, ಮೊಟ್ಟೆ, ಕಾಳು ಹಾಕಿದ ಉಪ್ಪಿಟ್ಟು, ಯಾವುದಾದರೂ ಸರಿ. ಮಧ್ಯಾಹ್ನ ಅನ್ನವನ್ನೋ ಮುದ್ದೆಯನ್ನೋ ಪೂರ್ತಿ ಬಿಡಬೇಡಿ, ಅರ್ಧ ಮಾಡಿ. ತಟ್ಟೆಯ ಉಳಿದರ್ಧವನ್ನು ಪಲ್ಯ, ಸೊಪ್ಪು, ಕಾಳು ತುಂಬಲಿ. ಉಪವಾಸ ಬಿದ್ದಷ್ಟೂ ಮಾಂಸಖಂಡ ಕರಗುತ್ತದೆ, ಮಾಂಸಖಂಡ ಕರಗಿದಷ್ಟೂ ದೇಹ ದಿನಕ್ಕೆ ಖರ್ಚು ಮಾಡುವ ಶಕ್ತಿ ತಗ್ಗುತ್ತದೆ. ನಿಮ್ಮ ‘ಇಳಿಯುತ್ತಿಲ್ಲ’ಕ್ಕೆ ಅದೂ ಒಂದು ಕಾರಣವಿರಬಹುದು.

49ರ ಆಸೆ ಬಿಡಿ. ಇಪ್ಪತ್ತರ ಹರೆಯದ ತೂಕಕ್ಕೆ ಎರಡು ಹೆರಿಗೆಯ ನಂತರದ ದೇಹವನ್ನು ವಾಪಸು ತರಬೇಕೆಂದು ಆರೋಗ್ಯ ಕೇಳುವುದಿಲ್ಲ. ಅಮೆರಿಕದಲ್ಲಿ ನಡೆದು 2002ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ, ನಿಮ್ಮ ಹಾಗೆ ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದವರಿಗೆ ದೇಹದ ತೂಕದ ಶೇ 7ರಷ್ಟು ಇಳಿಸುವ, ವಾರಕ್ಕೆ 150 ನಿಮಿಷ ಬಿರುಸಾಗಿ ನಡೆಯುವ ಗುರಿ ಕೊಟ್ಟಾಗ ಸಕ್ಕರೆ ಕಾಯಿಲೆ ಬರುವುದು ಶೇ 58ರಷ್ಟು ತಗ್ಗಿತು. ಚೆನ್ನೈನಲ್ಲಿ ನಮ್ಮವರ ಮೇಲೆಯೇ ನಡೆದು 2006ರಲ್ಲಿ ಬಂದ ಅಧ್ಯಯನದಲ್ಲಿ ಲಾಭ ಅಷ್ಟಿಲ್ಲದಿದ್ದರೂ ಶೇ 28ರ ಮೇಲಿತ್ತು. ತೂಕ ಹೆಚ್ಚೇನೂ ಇಳಿಯದಿದ್ದರೂ ಬದಲಾದ ಊಟ ಮತ್ತು ನಡಿಗೆ ಕೆಲಸ ಮಾಡಿದವು ಎಂಬುದನ್ನು ಗಮನಿಸಿ. ನಿಮಗೆ ಶೇ 7 ಎಂದರೆ ಐದು ಕಿಲೋ. ಆರು ತಿಂಗಳಲ್ಲಿ 67ಕ್ಕೆ ಬಂದರೆ ಅದೇ ಗೆಲುವು. ಒಂದು ಕಿಲೋ ಇಳಿದರೆ ನಡೆಯುವಾಗ ಮಂಡಿಯ ಮೇಲಿನ ಹೊರೆ ಹೆಜ್ಜೆಗೆ ಸುಮಾರು ನಾಲ್ಕು ಕಿಲೋ ತಗ್ಗುತ್ತದೆ, ಹಾಗಾಗಿ ಮೊದಲ ಬದಲಾವಣೆ ನಿಮಗೆ ಗೊತ್ತಾಗುವುದು ಮೆಟ್ಟಿಲಿನ ಮೇಲೆ. ನಡಿಗೆಯ ಜೊತೆ ವಾರಕ್ಕೆ ಎರಡು ದಿನ ತೊಡೆಯ ಬಲ ಹೆಚ್ಚಿಸುವ ವ್ಯಾಯಾಮವನ್ನು ಫಿಸಿಯೋಥೆರಪಿಸ್ಟರಿಂದ ಕಲಿತು ಮಾಡಿ.

ಇಂಜೆಕ್ಷನ್ ವಿಷಯ. ಸೆಮಾಗ್ಲುಟೈಡ್, ಟಿರ್ಜೆಪಟೈಡ್ ಎಂಬ ಔಷಧಗಳು ಹಸಿವನ್ನು ತಗ್ಗಿಸಿ ತೂಕ ಇಳಿಸುವುದು ನಿಜ. ಬಿಎಂಐ 30 ಮುಟ್ಟಿದವರಿಗೆ, ಅಥವಾ 27 ದಾಟಿ ಜೊತೆಗೆ ತೂಕದಿಂದಾದ ತೊಂದರೆ ಇರುವವರಿಗೆ ಅವುಗಳನ್ನು ಒಪ್ಪಲಾಗಿದೆ. ನೀವು 30ರ ಅಂಚಿನಲ್ಲಿದ್ದೀರಿ, ಆದ್ದರಿಂದ ಕೇಳುವುದು ತಪ್ಪಲ್ಲ. ತೂಕದ ಜೊತೆ ಮಾಂಸಖಂಡವೂ ಇಳಿಯುತ್ತದೆ, ನಿಲ್ಲಿಸಿದರೆ ಇಳಿದದ್ದರಲ್ಲಿ ಹೆಚ್ಚಿನದು ಮರಳಿ ಬರುತ್ತದೆ, ವಾಕರಿಕೆ ಸಾಮಾನ್ಯ, ವೆಚ್ಚವೂ ಸಣ್ಣದಲ್ಲ. ನಿಮ್ಮ ಥೈರಾಯ್ಡ್ ಕೊರತೆ ಇದಕ್ಕೆ ಅಡ್ಡಿಯಲ್ಲ. ಮೆಡುಲರಿ ಎಂಬ ಅಪರೂಪದ ಥೈರಾಯ್ಡ್ ಕ್ಯಾನ್ಸರ್ ನಿಮಗಾಗಲಿ ಕುಟುಂಬದಲ್ಲಾಗಲಿ ಇದ್ದರೆ, ಅಥವಾ ಮತ್ತೆ ಗರ್ಭ ಧರಿಸುವ ಯೋಚನೆಯಿದ್ದರೆ ತೆಗೆದುಕೊಳ್ಳಬಾರದು. ಬ್ಯೂಟಿ ಪಾರ್ಲರ್‌ನಲ್ಲಿ ಚುಚ್ಚಿಸಿಕೊಳ್ಳುವ ವಸ್ತುವಂತೂ ಖಂಡಿತ ಅಲ್ಲ. ನಾನಾಗಿದ್ದರೆ ಮೊದಲು ಆರು ತಿಂಗಳು ಮೇಲೆ ಹೇಳಿದ್ದನ್ನು ಮಾಡಿಸಿ ನೋಡುತ್ತಿದ್ದೆ. ಮನೆಯವರ ಹಾಸ್ಯದ ಬಗ್ಗೆ ಒಂದು ಮಾತು: ಅವರೂ ಸಂಜೆ ನಿಮ್ಮ ಜೊತೆ ನಡೆಯಲು ಬರಲಿ, ಅದಕ್ಕೆ ಮುಂಚೆ ಅವರ ಸೊಂಟಕ್ಕೂ ಒಮ್ಮೆ ಟೇಪು ಹಿಡಿಯಿರಿ.

ಮಗಳಿಗೆ 13 ತಿಂಗಳು. ಹುಟ್ಟಿದಾಗ 2.7 ಕಿಲೋ, ಈಗ 8.4 ಕಿಲೋ. ಚೆನ್ನಾಗಿ ಆಡುತ್ತಾಳೆ. ಪಕ್ಕದ ಮನೆಯ ಮಗು ಇದೇ ವಯಸ್ಸಿಗೆ 11 ಕಿಲೋ ಇದೆ. ಅತ್ತೆ ದಿನವೂ ಹೋಲಿಸುತ್ತಾರೆ.
— ಓದುಗರು, ಮಂಡ್ಯ

ಹುಟ್ಟಿನ ತೂಕದ ಮೂರು ಪಟ್ಟು ವರ್ಷಕ್ಕೆ ಆಗಬೇಕು. ನಿಮ್ಮ ಮಗಳದು ಆಗಿದೆ. ತಾಯಿ ಕಾರ್ಡಿನಲ್ಲಿ ಹೆಣ್ಣುಮಕ್ಕಳಿಗಿರುವ ಬೆಳವಣಿಗೆ ನಕ್ಷೆಯಲ್ಲಿ ಗುರುತು ಹಾಕಿದರೆ ಅವಳು ಸುರಕ್ಷಿತ ಪಟ್ಟಿಯೊಳಗೇ ಬರುತ್ತಾಳೆ. ಮುಖ್ಯವಾದದ್ದು ಒಂದು ಚುಕ್ಕಿಯಲ್ಲ, ಚುಕ್ಕಿಗಳನ್ನು ಸೇರಿಸಿದ ಗೆರೆ. ಅದು ಮೇಲಕ್ಕೆ ಹೋಗುತ್ತಿದ್ದರೆ ನಿಶ್ಚಿಂತೆ. ಎರಡು ಮೂರು ತಿಂಗಳು ಮಟ್ಟಸವಾಗಿ ಸಾಗಿದರೆ, ಇಳಿದರೆ, ಅಥವಾ ಅಂಗನವಾಡಿಯಲ್ಲಿ ತೋಳಿಗೆ ಸುತ್ತುವ ಪಟ್ಟಿ 12.5 ಸೆಂಟಿಮೀಟರಿಗಿಂತ ಕಡಿಮೆ ತೋರಿಸಿದರೆ ವೈದ್ಯರ ಬಳಿ ಹೋಗಬೇಕು.

ಬ್ರಿಟನ್ನಿನ ಓದುಗರಿಗೆ ಕೊಟ್ಟ ಉತ್ತರ ಓದಿ, ಮಕ್ಕಳಿಗೂ ದೇಶಕ್ಕೊಂದು ಅಳತೆಯೇ ಎಂದು ಕೇಳುವವರಿದ್ದಾರೆ. ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಹೊರತಂದ ನಕ್ಷೆಗಾಗಿ ಬ್ರೆಜಿಲ್, ಘಾನಾ, ಭಾರತ, ನಾರ್ವೆ, ಒಮಾನ್, ಅಮೆರಿಕದ ಮಕ್ಕಳನ್ನು ಅಳೆದಾಗ, ಎದೆಹಾಲು, ಒಳ್ಳೆಯ ಆಹಾರ, ಶುಚಿಯಾದ ಪರಿಸರ ಸಿಕ್ಕ ಮಕ್ಕಳು ಐದು ವರ್ಷದವರೆಗೆ ಎಲ್ಲೆಡೆಯೂ ಬಹುತೇಕ ಒಂದೇ ರೀತಿ ಉದ್ದ ಬೆಳೆಯುವುದು ಕಂಡಿತು. ನಮ್ಮ ದಕ್ಷಿಣ ದೆಹಲಿಯ ಮಕ್ಕಳೂ ಅದರಲ್ಲಿದ್ದರು. ರಾಗಿ ಸರಿಗೆ ಒಂದು ಚಮಚ ತುಪ್ಪ, ದಿನಕ್ಕೊಂದು ಮೊಟ್ಟೆ ಅಥವಾ ಗಟ್ಟಿ ಬೇಳೆ, ಜೊತೆಗೆ ಎದೆಹಾಲು ಮುಂದುವರಿಯಲಿ. ಜಾಹೀರಾತಿನ ಪುಷ್ಟಿ ಪುಡಿಗಳ ದುಡ್ಡನ್ನು ಉಳಿಸಿ.

ನಮ್ಮ ತಂದೆಗೆ 74 ವರ್ಷ. ಎಂಟು ತಿಂಗಳ ಹಿಂದೆ 71 ಕಿಲೋ ಇದ್ದವರು ಈಗ 64 ಕಿಲೋ. ಸಕ್ಕರೆ ಕಾಯಿಲೆ ಹನ್ನೆರಡು ವರ್ಷದಿಂದ ಇದೆ, ಪಥ್ಯ ಬಿಗಿಯಾಗಿ ಮಾಡುತ್ತಾರೆ. ‘ಸ್ಲಿಮ್ ಆಗಿದ್ದೀರಿ, ಒಳ್ಳೆಯದಾಯಿತು’ ಎಂದು ಬಂಧುಗಳೆಲ್ಲ ಹೊಗಳುತ್ತಿದ್ದಾರೆ. ನನಗೇಕೋ ಸಮಾಧಾನವಿಲ್ಲ.
— ಓದುಗರು, ಶಿವಮೊಗ್ಗ

ನಿಮ್ಮ ಅಸಮಾಧಾನವೇ ಸರಿ. ಈ ಸಲದ ಪತ್ರಗಳಲ್ಲಿ ನನಗೆ ಅತಿ ಹೆಚ್ಚು ಚಿಂತೆ ತಂದದ್ದು ನಿಮ್ಮದು.

ಪ್ರಯತ್ನಪಡದೆ ಆರರಿಂದ ಹನ್ನೆರಡು ತಿಂಗಳಲ್ಲಿ ತೂಕದ ಶೇ 5ಕ್ಕಿಂತ ಹೆಚ್ಚು ಇಳಿದರೆ ಕಾರಣ ಹುಡುಕಲೇಬೇಕು ಎಂಬುದು ವೈದ್ಯರ ನಿಯಮ. ನಿಮ್ಮ ತಂದೆಗೆ ಸುಮಾರು ಶೇ 10 ಇಳಿದಿದೆ. ಅವರ ಈಗಿನ ತೂಕವನ್ನು ಯಾವ ಪಟ್ಟಿಯಲ್ಲಿ ಇಟ್ಟು ನೋಡಿದರೂ ‘ಸರಿಯಾದ ತೂಕ’ ಎಂದೇ ಬರಬಹುದು, ಆದರೆ ಇಲ್ಲಿ ಸುದ್ದಿ ಇರುವುದು 64ರಲ್ಲಿ ಅಲ್ಲ, ಇಳಿದ ಏಳು ಕಿಲೋದಲ್ಲಿ. ಸಕ್ಕರೆ ಹತೋಟಿ ತಪ್ಪಿರುವುದು, ಥೈರಾಯ್ಡ್ ಹೆಚ್ಚಾಗಿರುವುದು, ಕ್ಷಯ, ಹೊಟ್ಟೆ ಅಥವಾ ಕರುಳಿನ ಗಡ್ಡೆ, ಮೂತ್ರಪಿಂಡದ ತೊಂದರೆ, ಖಿನ್ನತೆ, ಸಕ್ಕರೆ ಮಾತ್ರೆಯಿಂದ ಹಸಿವು ಹೋಗಿರುವುದು, ಯಾವುದೂ ಆಗಿರಬಹುದು. ಸಡಿಲವಾದ ಹಲ್ಲಿನ ಸೆಟ್ಟಿನಿಂದ ಅಗಿಯಲಾಗದೆ ಬರೀ ಗಂಜಿ, ಮಜ್ಜಿಗೆ ಅನ್ನದಲ್ಲಿ ದಿನ ತಳ್ಳುವ ಹಿರಿಯರನ್ನೂ ನಾವು ನೋಡುತ್ತೇವೆ. ನುಂಗಲು ಕಷ್ಟವಿದೆಯೇ, ಮಲದ ಬಣ್ಣ ಕಪ್ಪಾಗಿದೆಯೇ, ರಾತ್ರಿ ಬೆವರು ಬರುತ್ತದೆಯೇ, ಮೊದಲಿನಂತೆ ಪೇಪರ್ ಓದುವ, ಮಾತಾಡುವ ಉತ್ಸಾಹವಿದೆಯೇ ಎಂಬುದನ್ನು ಮೆಲ್ಲಗೆ ಕೇಳಿ ತಿಳಿಯಿರಿ.

ವಯಸ್ಸಾದವರಲ್ಲಿ ತೂಕ ಇಳಿದಾಗ ಹೋಗುವುದು ಕೊಬ್ಬಿಗಿಂತ ಹೆಚ್ಚಾಗಿ ಕಾಲಿನ ಶಕ್ತಿ. ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು ಕುರ್ಚಿಯಿಂದ ಐದು ಸಲ ಎದ್ದು ಕೂರಲು ಹೇಳಿ, ನೀವು ಪಕ್ಕದಲ್ಲೇ ನಿಂತಿರಿ. 12 ಸೆಕೆಂಡು ಅಥವಾ ಹೆಚ್ಚು ಹಿಡಿದರೆ ಮಾಂಸಖಂಡ ಸೊರಗಿದೆ ಎಂದು ಅನುಮಾನಿಸಬೇಕು. ಮೀನಖಂಡದ ದಪ್ಪ ಭಾಗದ ಸುತ್ತಳತೆ 34 ಸೆಂಟಿಮೀಟರಿಗಿಂತ ಕಡಿಮೆಯಿದ್ದರೂ ಅಷ್ಟೇ. ಇಂಥವರು ಬಚ್ಚಲುಮನೆಯಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಳ್ಳುವ ಸಂಭವ ಹೆಚ್ಚು. 65 ದಾಟಿದವರಲ್ಲಿ ಸ್ವಲ್ಪ ಹೆಚ್ಚಿನ ತೂಕ ಆಯುಷ್ಯವನ್ನು ತಗ್ಗಿಸುವುದಿಲ್ಲ, ತೀರಾ ತೆಳ್ಳಗಾಗುವುದೇ ಹೆಚ್ಚು ಅಪಾಯ ಎಂಬುದನ್ನು ಪಾಶ್ಚಾತ್ಯ ದೇಶಗಳ ಅಧ್ಯಯನಗಳು ತೋರಿಸಿವೆ. 44ರ ಹುಬ್ಬಳ್ಳಿಯವರಿಗೆ ಮೂರು ನಾಲ್ಕು ಕಿಲೋ ಇಳಿಸಿ ಎಂದ ನಾನು ನಿಮ್ಮ ತಂದೆಗೆ ಇಳಿಯಲು ಬಿಡಬೇಡಿ ಎನ್ನುವುದು ಅದಕ್ಕೇ.

ಪಥ್ಯವನ್ನು ಸಡಿಲಿಸಬೇಕಾಗಬಹುದು. ಸಕ್ಕರೆ ಕಾಯಿಲೆ ಬಂದ ವರ್ಷ ಯಾರೋ ಬರೆದುಕೊಟ್ಟ ‘ಅನ್ನ ಬೇಡ, ಹಾಲು ಬೇಡ, ಹಣ್ಣು ಬೇಡ’ ಪಟ್ಟಿಯನ್ನೇ ಹನ್ನೆರಡು ವರ್ಷದ ಮೇಲೂ ಪಾಲಿಸುವ ಹಿರಿಯರು ಬಹಳ. ಮೂತ್ರಪಿಂಡ ಸರಿಯಿದೆ ಎಂದು ಪರೀಕ್ಷೆಯಿಂದ ಖಚಿತವಾದರೆ, ಅವರಿಗೆ ದಿನಕ್ಕೆ ದೇಹದ ಒಂದೊಂದು ಕಿಲೋ ತೂಕಕ್ಕೆ ಒಂದರಿಂದ 1.2 ಗ್ರಾಂ ಪ್ರೋಟೀನ್ ಬೇಕು. ಎಂದರೆ ಸುಮಾರು 65ರಿಂದ 75 ಗ್ರಾಂ. ಮೂರು ಹೊತ್ತಿಗೂ ಹಂಚಿ ಮೊಸರು, ಬೇಳೆ, ಮೊಟ್ಟೆ, ಒಗ್ಗುವುದಾದರೆ ಮೀನು ಕೊಡಿ. ತೂಕ ಇಳಿದಿರುವಾಗ ಸಕ್ಕರೆಯ ಮಾತ್ರೆಗಳು ಹಳೆಯ ಪ್ರಮಾಣದಲ್ಲೇ ಇದ್ದರೆ ಸಕ್ಕರೆ ದಿಢೀರನೆ ತೀರಾ ಕೆಳಗಿಳಿಯುವ ಭಯವೂ ಇದೆ, ಆ ಪ್ರಮಾಣವನ್ನು ವೈದ್ಯರೇ ಮರುಪರಿಶೀಲಿಸಬೇಕು.

ಈ ವಾರದಲ್ಲೇ ಅವರನ್ನು ಫಿಸಿಷಿಯನ್ ಬಳಿ ಕರೆದೊಯ್ಯಿರಿ. ಹೋಗುವಾಗ ಈಗ ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿ, ಹಳೆಯ ರಕ್ತಪರೀಕ್ಷೆಯ ವರದಿಗಳು, ಎಂಟು ತಿಂಗಳ ಹಿಂದಿನ ತೂಕ ಬರೆದಿರುವ ಚೀಟಿ ಇದ್ದರೆ ಅದನ್ನೂ ತೆಗೆದುಕೊಂಡು ಹೋಗಿ.